ನೀಲಿ ಹರವಿಗೆ ಒಂದು ಸುಳ್ಳು

ಅಂದು ನಮ್ಮ ಬನಹಟ್ಟಿಯ ಮನೆಯ ಹಿತ್ತಲಲ್ಲಿ ಇದ್ದವರು ಜಮಖಂಡಿಯಿಂದ ತಪಾಸಣೆಗೆ ಬಂದಿದ್ದ ಸಂಸ್ಥಾನದ ಸಾಹೇಬರು, ನೂಲಿಗೆ ನೀಲಿ ಹಾಕುವ ನನ್ನ ಅತ್ತೆ, ನೀಲಿಯ ನಾತದ ಮೇಲೆ ತಕರಾರು ಕೊಟ್ಟಿದ್ದ ಪಕ್ಕದ ಮನೆಯ ನೇಕಾರ ಕಾಕಾ, ಮತ್ತು ಚಹಾ ಹಿಡಿದು ನಿಂತ ಹೊಸ ಸೊಸೆ ನಾನು.

ಬಣ್ಣ ಹುಳಿಸುವ ದೊಡ್ಡ ಮಣ್ಣಿನ ಹರವಿಗಳೆಲ್ಲ ಊರ ಅಗಸಿ ಬಾಗಿಲಿನ ಹೊರಗೆ, ಹಳ್ಳದ ಆಚೆ ಇರಬೇಕೆಂದು ನಿಯಮ. ನೀಲಿ ಹುಳಿಯುವಾಗ ನಾರುತ್ತದೆ, ಅದೇನೂ ಸುಳ್ಳಲ್ಲ. ಆದರೆ ಮಳೆಗಾಲದಲ್ಲಿ ಹಳ್ಳ ಬಂದರೆ ಅತ್ತೆ ದಾಟುವಂತಿರಲಿಲ್ಲ. ದಿನಾ ಕಲಕದಿದ್ದರೆ ಹರವಿ ಸಾಯುತ್ತದೆ. ಅವರ ಅತ್ತೆಯ ಕಾಲದಿಂದ ಮೊಸರಿನ ಹಾಗೆ ಹೆಪ್ಪು ಉಳಿಸಿಕೊಂಡು ಬಂದ ನೀಲಿ ಅದು. ಅದನ್ನು ಹಿತ್ತಲಲ್ಲೇ ಇಡಲು ಅಪ್ಪಣೆ ಬೇಕಿತ್ತು.

“ವಾಸನಿ ಗ್ವಾಡಿ ದಾಟೂದಿಲ್ರಿ ಸಾಹೇಬ್ರ,” ಅಂದರು ಅತ್ತೆ.

“ಬಣ್ಣದಕ್ಕನ ಮಾತು ನಂಬತೀರೇನ್ರಿ?” ಕಾಕಾ ನಕ್ಕರು. “ಹ್ವಾದ ವರ್ಷ ಮಹಾಲಿಂಗಪುರದಾಗ ಎರಡ ತಲಿ ಎಮ್ಮಿ ಹುಟ್ಟೈತಿ ಅಂದ್ಲು. ರುಮಾಲ ಸುತಗೊಂಡು ನಡದ ಹ್ವಾದೆ. ಊರಾಗಿನ ಎಲ್ಲಾ ಎಮ್ಮಿಗೂ ಒಂದೊಂದ ತಲಿ.”

“ಹರವಿ ಸಿಟ್ಟಾಗಿತ್ತಪಾ. ನೀ ಹೋಗಿ ಬಂದ ಮ್ಯಾಲ ಎಷ್ಟ ಛಲೋ ಬಣ್ಣ ಬಂತು ನೋಡು.”

ಸಾಹೇಬರಿಗೆ ಇದು ಹೊಸದು. ನೀಲಿ ಹುಳಿಯದೆ ಹಟ ಹಿಡಿದರೆ ಬಣ್ಣದವರು ಊರಲ್ಲಿ ಒಂದು ಸುಳ್ಳು ತೇಲಿಬಿಡುತ್ತಿದ್ದರು. ಅದು ಹಬ್ಬಿದ ಹಾಗೆಲ್ಲ ಹರವಿ ನೊರೆಯೇಳುತ್ತದೆ ಎಂದು ನಂಬಿಕೆ. ಕೇಳಿ ಸಾಹೇಬರು ಬಸಿಯಲ್ಲಿದ್ದ ಚಹಾ ಚೆಲ್ಲಿಕೊಂಡು ನಕ್ಕರು.

“ಮಳಿ ಹಿಡಿಯೂತನಾ ಇಟ್ಟು ನೋಡ್ರಿ. ಆದ್ರ ಈ ಮನಿಯಿಂದ ಒಂದ ಸುಳ್ಳು ಹೊರಗ ಬಿದ್ರೂ ವಾಸನಿ ಮಾತೂ ಸುಳ್ಳ ಅಂತ ತಿಳೀತೀನಿ. ಹರವಿ ಅಗಸಿ ಹೊರಗ.”

ಹಿತ್ತಲ ನೆಲದಲ್ಲಿ ಹೊಸ ಹರವಿ ಹೂಳಿ, ಹಳೆಯ ಹೆಪ್ಪು ಹಾಕಿದೆವು. ಅದು ಹಟ ಹಿಡಿಯಿತು. ಬೆಲ್ಲ ಹಾಕಿದರೂ ಇಲ್ಲ, ಸುಣ್ಣ ಹಾಕಿದರೂ ಇಲ್ಲ.

“ಒಂದ ಸಣ್ಣ ಸುಳ್ಳು, ಅತ್ತೀ,” ಅಂದೆ.

“ಸುಮ್ನಿರ ಬೇ. ಮಾತ ಕೊಟ್ಟೇನಿ.”

ಗೋಡೆಯ ಮೇಲಿಂದ ಕಾಕಾ ಇಣುಕಿದರು. ತೇರದಾಳದ ಮದುವೆಯೊಂದರ ಸೀರೆ ನೀಲಿ ನೂಲಿಲ್ಲದೆ ಅವರ ಮಗ್ಗದಲ್ಲಿ ಅರ್ಧಕ್ಕೆ ನಿಂತಿತ್ತು. ಸತ್ತಂತೆ ಬಿದ್ದ ಹರವಿಯ ಕಡೆ ಕೈಮಾಡಿ ಕೇಳಿದರು:

“ಯಕ್ಕಾ, ಇದಕ್ಕ ನಿನ್ನ ಸುಳ್ಳಽ ಬೇಕೋ, ಯಾರದಾದ್ರೂ ನಡೀತೈತೋ?”

“ಹರವೀನ ಕೇಳಿಲ್ಲಪಾ.”

ಕಾಕಾ ಹೆಗಲಿಗೆ ಶಲ್ಯ ಹಾಕಿಕೊಂಡು ಪೇಟೆಯ ಕಡೆ ಹೋದರು. ಸಂಜೆಯ ಹೊತ್ತಿಗೆ ಊರೆಲ್ಲ ಒಂದೇ ಸುದ್ದಿ: ಬಣ್ಣದಕ್ಕನ ಹಿತ್ತಲಿಗೆ ಸಾಹೇಬರು ಖಾಯಂ ಅಪ್ಪಣೆ ಕೊಟ್ಟರಂತೆ. ಚಕ್ಕಡಿಯವರ ಜೊತೆ ಅದು ಜಮಖಂಡಿಗೂ ಹೋಯಿತು. ನಮ್ಮ ಓಣಿಯ ನೇಕಾರರು ಹಾರ, ತೆಂಗಿನಕಾಯಿ ಹಿಡಿದು ಸಾಹೇಬರ ಕಚೇರಿಗೇ ಹೋಗಿ ಉಪಕಾರ ಹೇಳಿಬಂದರು.

ಸಾಹೇಬರು ಹುಬ್ಬು ಗಂಟಿಕ್ಕಿಕೊಂಡು ನಮ್ಮ ಹಿತ್ತಲಿಗೆ ಬಂದರು.

“ನಮ್ಮನಿಯಿಂದ ಬಿದ್ದಿಲ್ರಿ,” ಅಂದರು ಅತ್ತೆ.

“ಗ್ವಾಡಿ ಈಚಿಂದ ಬಿತ್ರಿ,” ಅಂದರು ಗೋಡೆಯ ಮೇಲಿಂದ ಕಾಕಾ.

“ತಕರಾರ ಮಾಡಿದವರು ನೀವಽ ಅಲ್ರಿ?”

“ಖರೆರಿ. ನೀಲಿ ನಾರತೈತಿ. ಆದ್ರ ಮಗ್ಗ ನಿಂತ್ರ ನಮ್ಮನಿ ಒಲಿ ವಾಸನಿನೂ ಬರೂದಿಲ್ಲ.”

ಸಾಹೇಬರು ಹರವಿಯ ಮುಚ್ಚಳ ಎತ್ತಿಸಿದರು. ಮೇಲೆ ತಾಮ್ರದ ಬಣ್ಣದ ನೊರೆ ಎದ್ದು ನಿಂತಿತ್ತು. ಮೂಗಿಗೆ ಕರವಸ್ತ್ರ ಹಿಡಿದೇ ಅಂದರು:

“ಕೊಳ್ಳಾಗ ಹಾರ ಹಾಕಿಸಿಕೊಂಡ ಮ್ಯಾಲ ಇಲ್ಲ ಹ್ಯಾಂಗ ಅನ್ನೂದ್ರಿ? ಇರಲಿ. ಆದ್ರ ಈ ಮನಿಗಷ್ಟ. ಉಳಿದ ಬಣ್ಣದವ್ರು ತಮ್ಮ ತಮ್ಮ ಬಾಜೂ ಮನಿಯವರನ್ನ ಕರಕೊಂಡ ಬರಲಿ.”

ಆ ಮಳೆಗಾಲ ಹಳ್ಳ ಎರಡೂ ದಂಡೆ ತುಂಬಿ ಹರಿಯಿತು. ಅತ್ತೆ ಹಿತ್ತಲಲ್ಲೇ ಕೂತು ಹರವಿ ಕಲಕಿದರು. ಸೀರೆ ತೇರದಾಳದ ಮದುವೆಗೆ ಹೋಯಿತು. ಕಾಕಾ ತಾವು ಮಲಗುವ ಹೊರಸನ್ನು ಗೋಡೆಯ ಬದಿಯಿಂದ ಎತ್ತಿ ಮುಂದಿನ ಕಟ್ಟೆಗೆ ಒಯ್ದು ಹಾಕಿಕೊಂಡರು.