ಡಾನಿ ಬಂದ್ರು, ಧಣಿ ಬಂದ್ರು

೧೯೯೮ರಲ್ಲಿ ನಾನು ಕುವೈತಿನ ಬ್ನೇದ್ ಅಲ್ ಗಾರ್‌ನ ಒಂದು ಹೋಟೆಲಿನಲ್ಲಿ ಬ್ಯಾಂಕ್ವೆಟ್ ಮ್ಯಾನೇಜರ್ ಆಗಿದ್ದೆ. ಹೋಟೆಲಿನ ದೊಡ್ಡ ಹಾಲ್‌ನಲ್ಲಿ ನಡೆಯುವ ಮದುವೆ, ಮೀಟಿಂಗು, ಊಟ ಎಲ್ಲವೂ ನನ್ನ ತಲೆಯ ಮೇಲೆ. ಹೋಟೆಲಿಗೆ ಆಗಷ್ಟೇ ಮುಂಬೈಯ ವ್ಯಾಪಾರಿಯೊಬ್ಬರು ಪಾಲುದಾರರಾಗಿದ್ದರು. ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಊರಿಗೆ ಕಳಿಸಬೇಕು ಎಂಬುದು ಅವರ ಕೈಯಲ್ಲಿತ್ತು. ನನ್ನ ಇಕಾಮಾ, ಅಂದರೆ ಅಲ್ಲಿ ನೆಲೆಸುವ ಪರವಾನಗಿ, ಆ ತಿಂಗಳೇ ಮುಗಿಯುವುದಿತ್ತು. ಆ ಪಾಲುದಾರರ ಮುಖವನ್ನು ನಾವ್ಯಾರೂ ಕಂಡಿರಲಿಲ್ಲ. ಸಿಬ್ಬಂದಿಯಲ್ಲಿ ಹೆಚ್ಚಿನವರು ಕರಾವಳಿಯವರು, ಹಾಗಾಗಿ ಅವರನ್ನು ‘ಧಣಿ’ ಎಂದೇ ಕರೆಯುತ್ತಿದ್ದೆವು.

ಒಂದು ಗುರುವಾರ ಸಂಜೆ ಜರ್ಮನ್ ಇಂಜಿನಿಯರುಗಳ ಬಳಗವೊಂದು ನಮ್ಮ ಹಾಲಿನಲ್ಲಿ ತಮ್ಮ ದೇಶದ ಹಳೆಯ ಹಾಸ್ಯಚಿತ್ರವೊಂದರ ಪ್ರದರ್ಶನ ಇಟ್ಟುಕೊಂಡಿತ್ತು. ದೊಡ್ಡವರು, ಚಿಕ್ಕವರು ಎಂಬ ಭೇದವನ್ನು ಗೇಲಿ ಮಾಡುವ ಚಿತ್ರವಂತೆ. ಪ್ರೊಜೆಕ್ಟರ್ ನಡೆಸಲು ಖೈತಾನ್ ಬಡಾವಣೆಯಿಂದ ಡಾನಿ, ಅಂದರೆ ಡಾನಿಯೆಲ್ ಎಂಬ ಹೊಸ ಆಪರೇಟರ್ ಬರಬೇಕಿತ್ತು. ಧಣಿಯೂ ಅಂದೇ ಬರುತ್ತಾರೆಂಬ ಸುದ್ದಿಯಿತ್ತು.

ಆರೂವರೆಗೆ ವಾಕಿಟಾಕಿಯಲ್ಲಿ ಬಾಗಿಲ ಬಳಿಯಿದ್ದ ಕಾರ್ಕಳದ ಸುಧಾಕರನ ದನಿ: “ಸರ್, ಡಾನಿ ಬಂದ್ರು.”

ಕೊರಕೊರ ಸದ್ದಿನಲ್ಲಿ ನನಗೆ ಕೇಳಿಸಿದ್ದು ‘ಧಣಿ’. ಎದ್ದೆನೋ ಬಿದ್ದೆನೋ ಎಂದು ಓಡಿದೆ. ಬಾಗಿಲಲ್ಲಿ ಕಪ್ಪು ಸೂಟು, ಟೈ, ಎದೆಯ ಮೇಲೆ ಗುಲಾಬಿ. ಆ ಮನುಷ್ಯ ಯಾರದೋ ಮದುವೆಯ ಊಟದಿಂದ ನೇರ ಬಂದಿದ್ದ ಎಂದು ತಿಳಿದದ್ದು ಆಮೇಲೆ. ಬಾಯಿ ತೆರೆಯಲೂ ಬಿಡದೆ ಮುಂದಿನ ಸಾಲಿನಲ್ಲಿ ಕೂರಿಸಿ ಜ್ಯೂಸ್ ತರಿಸಿದೆ. ಅವರ ಹಿಂದೆಯೇ ಅರ್ಧ ತೋಳಿನ ಅಂಗಿ ತೊಟ್ಟ, ಚೀಲ ಹಿಡಿದ ಇನ್ನೊಬ್ಬರು ಬಂದರು. ಆಪರೇಟರ್ ಇವನೇ ಎಂದುಕೊಂಡೆ. “ಯಲ್ಲಾ ಭಾಯಿ, ಉಧರ್ ಸೆ ಜಾವೋ,” ಎಂದು ಹಿಂಬಾಗಿಲು ತೋರಿಸಿ ಪ್ರೊಜೆಕ್ಟರ್ ಕೋಣೆಗೆ ಅಟ್ಟಿದೆ.

ಏಳು ಹೊಡೆದರೂ ಚಿತ್ರ ಶುರುವಾಗಲಿಲ್ಲ. ಸಿಟ್ಟಿನಿಂದ ಕೋಣೆಗೆ ನುಗ್ಗಿ, “ಚಲೋ ಭಾಯಿ, ಶುರು ಕರೋ!” ಎಂದು ಗದರಿದೆ.

ಅವರು ಪ್ರೊಜೆಕ್ಟರ್ ತೋರಿಸುತ್ತ ಸಮಾಧಾನವಾಗಿ ಕೇಳಿದರು: “ಇಸ್ಕಾ ಸ್ವಿಚ್ ಕಿಧರ್ ಹೈ?”

ಅಷ್ಟರಲ್ಲಿ ಸೂಟಿನವರು ಗ್ಲಾಸ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. “ಸರ್, ಜ್ಯೂಸ್ ಎರಡಾಯ್ತು. ಮೆಶಿನ್ ಎಲ್ಲುಂಟು?”

ಹಿಂಬಾಗಿಲಿನಿಂದ ಅಟ್ಟಿದ್ದು ಧಣಿಯನ್ನೇ ಎಂದು ಆಗ ಹೊಳೆಯಿತು. ಖಲಾಸ್, ಇನ್ನು ಊರಿನ ವಿಮಾನವೇ ಗತಿ ಎಂದುಕೊಂಡೆ. ತೊದಲುತ್ತ ತಪ್ಪು ಒಪ್ಪಿಕೊಂಡೆ. ಧಣಿಗಳು ನಮ್ಮಿಬ್ಬರನ್ನೂ ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಡಾನಿಯೆಲ್ ಫಿಲ್ಮ್ ಏರಿಸುವಾಗ ತಾವೇ ಟಾರ್ಚ್ ಹಿಡಿದರು, ಆ ಕೋಣೆಯಲ್ಲೇ ಒಂದು ಸ್ಟೂಲಿನ ಮೇಲೆ ಕೂತು ಪೂರ್ತಿ ಚಿತ್ರ ನೋಡಿದರು. ಹೊರಡುವಾಗ ಹಿಂದಿಯಲ್ಲಿ ಹೇಳಿದ್ದು ಇಷ್ಟೇ: “ಅತಿಥಿಯನ್ನು ನೋಡಿಕೊಳ್ಳಲು ನಿಮಗೆ ಚೆನ್ನಾಗಿ ಬರುತ್ತದೆ. ಇನ್ನು ಮೇಲೆ ಸೂಟು ನೋಡದೆ ನೋಡಿಕೊಳ್ಳಿ.”

ಶನಿವಾರ ನನ್ನ ಇಕಾಮಾ ನವೀಕರಣದ ಕಾಗದಕ್ಕೆ ಅವರ ಸಹಿ ಬಿತ್ತು. ಆ ದಿನ ಹೊಟ್ಟೆ ತುಂಬ ಉಂಡೆ, ಕಣ್ಣು ತುಂಬ ನಿದ್ದೆ ಮಾಡಿದೆ. ಮತ್ತೆ ಹತ್ತು ವರ್ಷ ಅದೇ ಹಾಲ್ ನೋಡಿಕೊಂಡೆ. ಪ್ರೊಜೆಕ್ಟರ್ ಕೋಣೆಗೆ ಯಾರೇ ಬರಲಿ, ಮೊದಲು ಜ್ಯೂಸ್ ಕೊಡುತ್ತಿದ್ದೆ, ಹೆಸರು ಕೇಳುತ್ತಿದ್ದುದು ಆಮೇಲೆ.