ಶಾಫ್ಟಿನ ತುದಿಯ ಎರಡು ಗೀರು

ನನಗೆ ಯಾರ ಮೇಲೂ ನಂಬಿಕೆ ಇರಲಿಲ್ಲ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮೂವತ್ತು ವರ್ಷ ದಾಟಿದ ಲಾರಿ ಇಟ್ಟುಕೊಂಡವನಿಗೆ ನಂಬಿಕೆ ಎಲ್ಲಿಂದ ಬರಬೇಕು? ಹುಣಸೆಹಣ್ಣಿನ ಸುಗ್ಗಿ ಶುರುವಾಗುವ ವಾರವೇ ಅದರ ವಾಟರ್ ಪಂಪಿನ ಶಾಫ್ಟು ಸವೆದು, ಮಿಡಿಗೇಶಿ ದಾಟುವಷ್ಟರಲ್ಲಿ ಎಂಜಿನ್ನಿನ ನೀರೆಲ್ಲ ರಸ್ತೆಗೆ ಸುರಿಯಿತು. ಮಧುಗಿರಿಗೆ ಎಳೆಸಿಕೊಂಡು ಬಂದೆ. ಸುಗ್ಗಿಯ ಆ ಒಂದೂವರೆ ತಿಂಗಳ ಬಾಡಿಗೆಯಲ್ಲೇ ನಮ್ಮ ಮನೆ ವರ್ಷವಿಡೀ ಉಣ್ಣುವುದು. ಗೇಣುದ್ದದ ಒಂದು ಕಬ್ಬಿಣದ ತುಂಡು ಸಿಗದಿದ್ದರೆ ಸುಗ್ಗಿ ಬೇರೆಯವರ ಪಾಲು.

ಕಂಪನಿಯವರು ಆ ಪಂಪು ಮಾಡುವುದನ್ನು ನಿಲ್ಲಿಸಿ ಯಾವ ಕಾಲವಾಯಿತೋ. ಕೊರಟಗೆರೆಯ ಅಂಗಡಿಯವನು ಲಾರಿಯ ಮಾಡೆಲ್ ಕೇಳಿಯೇ ನಕ್ಕ. ಪಾವಗಡದ ಗುಜರಿಯವನು ಫಳಫಳ ಹೊಳೆಯುವ ಒಂದು ಶಾಫ್ಟನ್ನು ಕೈಗಿಟ್ಟು, "ಒರಿಜಿನಲ್ ಅಣ್ಣಾ, ದೇವುಡಿ ಮೀದ ಒಟ್ಟು" ಎಂದು ದೇವರ ಮೇಲೆ ಆಣೆ ಹಾಕಿದ. ಉಗುರಿನಿಂದ ಕೆರೆದೆ. ಬಣ್ಣ ಎದ್ದುಬಂತು, ಕೆಳಗೆ ತುಕ್ಕು. "ಬೆಳ್ಳಗಿರೋದೆಲ್ಲ ಹಾಲಲ್ಲ ಕಣಯ್ಯಾ" ಎಂದು ಅವನ ಮುಖಕ್ಕೇ ಹೇಳಿ ಬಂದೆ.

ಕೊನೆಗೆ ಉಳಿದದ್ದು ಶಿರಾದ ಲೇತಿನ ಸಾಬರು. ಮಾದರಿ ಕೊಟ್ಟರೆ ಎಂಥದನ್ನಾದರೂ ಕಡೆದುಕೊಡುತ್ತಾರೆ ಎಂದು ಡ್ರೈವರುಗಳು ಹೊಗಳುತ್ತಿದ್ದರು. ಎಲ್ಲರೂ ಹೊಗಳುತ್ತಾರೆ ಎಂದ ಮೇಲೆ ನನಗೆ ಅನುಮಾನ ಇನ್ನೂ ಜಾಸ್ತಿಯಾಯಿತು. ಹಳೆಯದಕ್ಕೇ ವೆಲ್ಡಿಂಗ್ ತುಂಬಿ, ಉಜ್ಜಿ, ಹೊಸದೆಂದು ಕೊಡುವವರನ್ನು ನಾನು ಕಂಡಿಲ್ಲವೇ? ಹೊರಡುವ ಮೊದಲು ಅರ ತೆಗೆದುಕೊಂಡು ಸವೆದ ಶಾಫ್ಟಿನ ತುದಿಯಲ್ಲಿ ಗುರುತಿಗೆಂದು ಓರೆಯಾಗಿ ಎರಡು ಗೀರು ಹಾಕಿದೆ. ನಮ್ಮ ಕಡೆ ಲಾರಿಯವರೆಲ್ಲ ಮಾಡುವ ಕೆಲಸವೇ ಇದು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ.

ಸಾಬರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, "ನಾಳಿದ್ದು ಬನ್ನಿ" ಎಂದರು.

"ಇಲ್ಲೇ ಕುಂತ್ಕೊಂಡು ನೋಡ್ಲಾ?" ಎಂದೆ.

"ಕುಂತ್ರೆ ಕಬ್ಣ ಬೇಗ ಬೇಯ್ತದಾ?" ಎಂದು ನಕ್ಕರು. ಆ ನಗುವೂ ನನಗೆ ಸರಿಬರಲಿಲ್ಲ.

ಮೂರನೇ ದಿನ ಹೋದಾಗ ಹೊಸ ಶಾಫ್ಟನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಕೈಗಿಟ್ಟರು. ಬಿಚ್ಚಿ ಮೊದಲು ತುದಿ ನೋಡಿದೆ. ಓರೆಯಾಗಿ ಎರಡು ಗೀರು! ಪಿತ್ತ ನೆತ್ತಿಗೇರಿತು.

"ಏನ್ ಸಾಬ್ರೇ, ನಂಗೇ ಟೋಪಿ ಹಾಕ್ತೀರಾ? ನನ್ ಹಳೇದನ್ನೇ ಉಜ್ಬುಟ್ಟು ಕೊಡ್ತಾ ಇದೀರಲ್ಲಾ! ಇದು ನಾನೇ ಹಾಕಿರೋ ಗುರ್ತು!"

ಬೀದಿಗೆಲ್ಲ ಕೇಳುವಂತೆ ಕೂಗಾಡಿದೆ. ಎದುರಿಗೆ ಟೀ ಕುಡಿಯುತ್ತಿದ್ದ ಡ್ರೈವರೊಬ್ಬ ಲೋಟ ಹಿಡಿದುಕೊಂಡೇ ಬಂದು ನಿಂತ.

ಸಾಬರು ಎದ್ದು ಒಳಗೆ ಹೋದರು. ಒಳಗಿನ ಗೋಡೆಯ ತುಂಬ ಮೊಳೆಗಳು. ಒಂದೊಂದಕ್ಕೂ ಒಂದೊಂದು ಸವೆದ ಭಾಗ, ಜೊತೆಗೆ ತಗಡಿನ ಚೂರಿನ ಮೇಲೆ ಲಾರಿಯ ನಂಬರು. ಅಲ್ಲಿಂದ ನನ್ನ ಹಳೆಯ ಶಾಫ್ಟನ್ನು ತೆಗೆದು ತಂದು ಹೊಸದರ ಪಕ್ಕ ಇಟ್ಟರು. ಅದರಲ್ಲೂ ಎರಡು ಗೀರು.

"ಇದೇನಕ್ಕೋ ನಂಗೊತ್ತಾಗ್ಲಿಲ್ಲ. ಹಳೇ ಗಾಡಿ, ಎಣ್ಣೆ ಹೋಗಕ್ಕೆ ಯಾರೋ ಮಾಡ್ಸವ್ರೆ ಅಂದ್ಕೊಂಡೆ. ಬುಟ್ಬುಟ್ರೆ ಕೆಲ್ಸ ಅರೆಬರೆ ಆಯ್ತದೆ ಅಂತ ಅದನ್ನೂ ಹಂಗೇ ಕೊರ್ದೆ" ಎಂದರು.

ಭೂಮಿ ಬಾಯಿಬಿಡಬಾರದೇ ಎನ್ನಿಸಿತು. "ತಪ್ಪಾಯ್ತು ಸಾಬ್ರೇ, ಹೊಟ್ಟೆಗಾಕ್ಕಳಿ" ಎಂದೆ. ಅವರು ಬೈಯಲಿಲ್ಲ. ಹಳೆಯದನ್ನೂ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟರು. ಟೀ ಲೋಟದ ಡ್ರೈವರ್ ಮೆಲ್ಲಗೆ, "ಇಸ್ಕಾಬ್ಯಾಡಿ ಅಣ್ಣಾ. ಆ ಗ್ವಾಡೆ ಮ್ಯಾಲೆ ಮಾದ್ರಿ ಇದ್ದೋರ್ದೇ ಇಲ್ಲಿ ಇನ್ನೊಂದ್ಸಲ ಕೆಲ್ಸ ಆಗಾದು" ಎಂದ.

ತಕ್ಷಣ ಆ ಗಂಟನ್ನು ಸಾಬರ ಮುಂದಕ್ಕೆ ಚಾಚಿದೆ. "ಇಲ್ಲೇ ಇರ್ಲಿ ಸಾಬ್ರೇ, ನೇತಾಕಿ. ನಿಮ್ ಕಾಲಿಗ್ ಬೀಳ್ತೀನಿ."

"ಬ್ಯಾಡ ಭಾಯ್. ಇಲ್ಲಿದ್ರೆ ನಿಮ್ಗೆ ನಿದ್ದೆ ಬರಲ್ಲ" ಎಂದು ಲೇತಿನ ಕಡೆ ತಿರುಗಿದರು.

ಲಾರಿ ಮಾರನೆಯ ದಿನವೇ ಓಡಿತು. ಸುಗ್ಗಿ ಕೈತಪ್ಪಲಿಲ್ಲ, ಪಂಪಿನಿಂದ ಇವತ್ತಿನವರೆಗೂ ಒಂದು ಹನಿ ಸೋರಿಲ್ಲ. ಆದರೆ ಈಗ ಸ್ಟೀರಿಂಗಿನ ಬುಷ್ ಸವೆದು ಅಲುಗಾಡುತ್ತಿದೆ. ಅದನ್ನು ಕಡೆಯಬಲ್ಲವರು ಈ ಸೀಮೆಗೆಲ್ಲ ಒಬ್ಬರೇ, ಅವರ ಅಂಗಡಿಯ ಮುಂದೆ ಹೋಗಿ ನಿಲ್ಲುವ ಮುಖ ನನಗಿಲ್ಲ.