ಹಾನಗಲ್ ಫೋಲ್ಡರಿನಲ್ಲಿ ಕುಳಿತ ಮುಖ್ಯ ಫೈಲು

ಸವಣೂರಿನ ವ್ಯಾಪಾರಿಯೊಬ್ಬರು ಗೋವಿನಜೋಳದ ಕಾಳು ಬಿಡಿಸುವ ರಾಶಿ ಮಷಿನ್‌ಗಳನ್ನು ನಾಲ್ಕು ತಾಲೂಕುಗಳಿಗೆ ಬಾಡಿಗೆಗೆ ಕಳಿಸುತ್ತಾರೆ. ರೈತರು ಮೊಬೈಲಿನಲ್ಲೇ ಮಷಿನ್ ಬುಕ್ ಮಾಡುವಂಥ ವೆಬ್‌ಸೈಟ್ ಅವರಿಗೆ ಬೇಕಿತ್ತು. ಆ ಕೆಲಸ ಸಿಗದಿದ್ದರೆ ಹಾನಗಲ್ಲಿನ ನಮ್ಮ ಎರಡು ಕುರ್ಚಿಯ ಆಫೀಸು ಮುಚ್ಚಬೇಕಾಗಿತ್ತು. ಮಾದರಿ ತೋರಿಸಲು ಅವರನ್ನು ಕರೆಸಿದೆವು. ಮಂಗಳವಾರ ಎಂದು ನೆನಪು. ನನ್ನ ನೆನಪಿಗೆ ನಾನೇ ಜಾಮೀನು ನಿಲ್ಲಲಾರೆ.

ಪಾಲುದಾರ ಗೆಳೆಯನಿಗೆ ಅನೋಟೇಶನ್ ಎಂದರೆ ಭಕ್ತಿ. ವೆಬ್‌ಸೈಟಿನಲ್ಲಿ ಯಾರಾದರೂ ಪುಟ ಕೇಳಿದಾಗ ಉತ್ತರಿಸುವ ಕೋಡಿಗೆ ಕಂಟ್ರೋಲರ್ ಎನ್ನುತ್ತಾರೆ. ಅದರ ನೆತ್ತಿಯ ಮೇಲೆ @ ಚಿಹ್ನೆಯ ಒಂದು ಸಾಲು, ಅಂದರೆ ಅನೋಟೇಶನ್, ಬರೆದರೆ ಸಾಕು. ವೆಬ್‌ಸೈಟಿಗೆ ತಳಪಾಯವಾದ ಸಿದ್ಧ ಕೋಡು, ಅಂದರೆ ಫ್ರೇಮ್‌ವರ್ಕ್, ಮರುಮಾತಿಲ್ಲದೆ ಅದನ್ನು ಕಂಟ್ರೋಲರ್ ಎಂದು ಒಪ್ಪುತ್ತದೆ. ಬೋರ್ಡು ನೋಡಿ ಡಾಕ್ಟರನ್ನು ನಂಬುವ ನಮ್ಮ ಜನರಿಗೆ ಹೇಳಿ ಮಾಡಿಸಿದ ಪದ್ಧತಿ. ಗೆಳೆಯ ತಾಲೂಕಿಗೊಂದು ಕಂಟ್ರೋಲರ್ ಬರೆದು, ಹಾನಗಲ್ ಪುಟವನ್ನಷ್ಟೇ ತೆರೆದು ನೋಡಿ, ಪರೀಕ್ಷೆ ಮುಗಿಯಿತೆಂದು ಘೋಷಿಸಿದ್ದ.

ವ್ಯಾಪಾರಿ ಮೊದಲು ಒತ್ತಿದ್ದೇ ಸವಣೂರು. ಪುಟ ಸಿಗಲಿಲ್ಲ ಎಂದು ಬಂತು.

‘ನಮ್ಮೂರನ್ನ ಕಳದು ಕುಂತೀರೇನ್ರೀ?’

ಶಿಗ್ಗಾವಿ, ಹಿರೇಕೆರೂರು ಕೂಡ ಸಿಗಲಿಲ್ಲ. ಹಾನಗಲ್ ಮಾತ್ರ ಠೀಕಾಗಿ ತೆರೆಯಿತು.

‘ಈ ಕೆಲ್ಸಾ ಹುಬ್ಬಳ್ಳಿಯವ್ರಿಗೇ ಹೇಳ್ತೇನಿ ಬಿಡ್ರಿ,’ ಎಂದು ಎದ್ದು ನಿಂತರು.

ನಾನು ಕೋಡ್ ತೆರೆದೆ. ಅನೋಟೇಶನ್‌ಗಳೆಲ್ಲ ಸರಿಯಾಗಿದ್ದವು. ತಾಲೂಕಿಗೊಂದು ಫೋಲ್ಡರೂ ಇತ್ತು. ಆದರೆ ಪ್ರೋಗ್ರಾಂ ಶುರುವಾಗುವ ಮುಖ್ಯ ಫೈಲು ಹಾನಗಲ್ ಫೋಲ್ಡರಿನೊಳಗೆ ಕುಳಿತಿತ್ತು. ಆ ಫೈಲು ಇರುವ ಫೋಲ್ಡರು ಮತ್ತು ಅದರ ಒಳಗಿನವನ್ನು ಮಾತ್ರ ಫ್ರೇಮ್‌ವರ್ಕ್ ಹುಡುಕುತ್ತದೆ. ಉಳಿದ ಮೂರು ತಾಲೂಕುಗಳು ಅದರ ಪಾಲಿಗೆ ಇರಲೇ ಇಲ್ಲ.

‘ಇದನ್ನ ಇಲ್ಲ್ಯಾಕ ಇಟ್ಟೀಯೋ?’ ಎಂದು ಗೆಳೆಯನನ್ನು ಕೇಳಿದೆ.

‘ಆಫೀಸ್ ಎಲ್ಲೈತಿ? ಹಾನಗಲ್ಲಾಗ. ಮತ್ತ ಹಿರೇಕೆರೂರಾಗ ಇಡ್ಲೇನು?’

ವ್ಯಾಪಾರಿಗೆ ವಿಷಯ ತಕ್ಷಣ ಅರ್ಥವಾಯಿತು. ‘ಸವಣೂರಾಗ ಇಡ್ರಿ. ಮಷಿನ್ ನಮ್ಮವಲ್ಲೇನು?’

‘ಹಂಗ ಮಾಡಿದ್ರ ಹಾನಗಲ್ ಸಿಗಂಗಿಲ್ರಿ ಚಾಚಾ,’ ಎಂದೆ.

‘ಹೋಗ್ಲಿ ಬಿಡ್ರಿ. ಹೆಂಗೂ ನೀವೆಲ್ಲಾ ಭತ್ತ ಬೆಳ್ಯಾವ್ರು, ನಿಮಗ್ಯಾಕ ನಮ್ಮ ಮಷಿನ್!’

ಗೆಳೆಯನ ಮುಖ ಕೆಂಪಾಯಿತು. ಇಬ್ಬರೂ ತಂತಮ್ಮ ಊರಿಗಾಗಿ ಇನ್ನಷ್ಟು ವಾದಿಸುವ ಮೊದಲೇ ನಾನು ಆ ಫೈಲನ್ನು ನಾಲ್ಕೂ ಫೋಲ್ಡರುಗಳ ಆಚೆ, ಅವೆಲ್ಲವನ್ನೂ ಒಳಗೊಂಡ, ಯಾವ ಊರಿಗೂ ಸೇರದ ದೊಡ್ಡ ಫೋಲ್ಡರಿಗೆ ಎಳೆದು ಹಾಕಿದೆ. ಸವಣೂರು ತೆರೆಯಿತು, ಉಳಿದ ಮೂರೂ ತೆರೆದವು. ಚಾಚಾ ಮತ್ತೆ ಕುಳಿತರು. ನಕ್ಕರು ಎಂದು ನನ್ನ ನೆನಪು. ಬರೀ ಚಹಾ ಕುಡಿದರು ಎಂದು ಗೆಳೆಯ ಆಣೆ ಮಾಡುತ್ತಾನೆ.

ಕೆಲಸ ಸಿಕ್ಕಿತು. ಬಾಗಿಲು ತೆರೆದೇ ಇದೆ. ಆ ಬಾಗಿಲಲ್ಲಿ ಬರುವ ಪ್ರತಿ ಗಿರಾಕಿಗೂ ಗೆಳೆಯ ನನ್ನನ್ನು ಪರಿಚಯಿಸುವುದು ಹೀಗೆ: ‘ಹಾನಗಲ್ಲಿನ ಅಧಿಕಾರ ಕಿತ್ತು ಬಯಲಾಗ ಒಗದವ ಇವನ ನೋಡ್ರಿ.’